ಸರ್ಕಾರದ ಕೆಲಸ, ಸ್ವಂತ ಮೊಬೈಲ್: ಖರ್ಚು ಯಾರದ್ದು, ಹೊಣೆ ಯಾರದ್ದು?

ಊರಲ್ಲಿ ವಂಶವೃಕ್ಷ ಬೇಕು, ಖಾತೆ ಬದಲಾಗಬೇಕು ಅಂದರೆ ಗಲ್ಫ್‌ನಲ್ಲಿರುವ ಅನೇಕರು ಈಗ ಮೊದಲು ಹುಡುಕುವುದು ಗ್ರಾಮ ಆಡಳಿತಾಧಿಕಾರಿಯ ವಾಟ್ಸಾಪ್ ನಂಬರ್. ಪಾಸ್‌ಪೋರ್ಟ್, ಆಧಾರ್, ಪಹಣಿ, ಎಲ್ಲದರ ಫೋಟೋ ಅಲ್ಲಿಗೇ ಹೋಗುತ್ತದೆ. ಊರಿಗೆ ಹೋಗಿಬರುವ ಟಿಕೆಟ್ ದುಡ್ಡು ಉಳಿಯುತ್ತದೆ, ನಿಜ. ಆದರೆ ಆ ಫೋನ್ ಹೆಚ್ಚಿನ ಕಡೆ ಇಲಾಖೆಯದ್ದಲ್ಲ, ನೌಕರರ ಸ್ವಂತದ್ದು.

ಇದು ನೌಕರರು ಬಯಸಿ ತಂದುಕೊಂಡ ವ್ಯವಸ್ಥೆಯೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಮುಖ್ಯ ದೂರು ಇದೇ ಆಗಿತ್ತು: ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅಂತೀರಿ, ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಡುವವರು ಯಾರು? 2025ರ ಫೆಬ್ರವರಿಯಲ್ಲಿ ಮತ್ತೆ ಮುಷ್ಕರ ನಡೆಯಿತು. ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ತಮ್ಮ ಮೊಬೈಲ್‌ಗೇ ಆ್ಯಪ್ ಹಾಕಿಕೊಂಡು ಮನೆಮನೆಗೆ ಹೋಗಿ 60 ಪ್ರಶ್ನೆ ಕೇಳಿದರು. ಮಾಹಿತಿ ಗೌಪ್ಯವಾಗಿರಬೇಕು ಎಂದು ಹೈಕೋರ್ಟ್ ಹೇಳಿತು, ಸರಿ. 2027ರ ಜನಗಣತಿಯೂ ಮೊಬೈಲ್ ಆ್ಯಪ್ ಮೂಲಕವೇ ನಡೆಯಲಿದ್ದು, ಅಲ್ಲೂ ಗಣತಿದಾರರು ತಮ್ಮದೇ ಫೋನ್ ಬಳಸುತ್ತಾರೆ.

ಲೆಕ್ಕದ ಕಣ್ಣಿನಿಂದ ನೋಡಿದರೆ ಇಲ್ಲೊಂದು ವಿಚಿತ್ರವಿದೆ. ಕಚೇರಿಯ ಕುರ್ಚಿಗೂ ಆಸ್ತಿ ವಹಿಯಲ್ಲಿ ನಂಬರ್ ಇರುತ್ತದೆ. ದಿನವಿಡೀ ಸರ್ಕಾರದ ಕೆಲಸ ಮಾಡುವ ಈ ಫೋನ್ ಮಾತ್ರ ಯಾವ ವಹಿಯಲ್ಲೂ ಇಲ್ಲ. ಅದರ ಸವಕಳಿ, ರಿಪೇರಿ ಎಲ್ಲ ನೌಕರರ ಸಂಬಳದಿಂದಲೇ. ಗೌರವಧನವೋ ಭತ್ಯೆಯೋ ಕೊಟ್ಟಲ್ಲಿ ಖರ್ಚಿನ ಒಂದು ಭಾಗ ವಾಪಸ್ ಬರಬಹುದು. ಹೊಣೆ ಯಾರದ್ದು ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ನಿಯಮ ಇಲ್ಲ ಅಂತಲ್ಲ. ಕೇಂದ್ರದ ಎನ್‌ಐಸಿ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ, ಸರ್ಕಾರಿ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಲ್ಲಿ ಇಡಬಾರದು, ಕ್ಯಾಮ್‌ಸ್ಕ್ಯಾನರ್‌ನಂಥ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಬಾರದು. ಆದರೆ ಸ್ವಂತ ಫೋನ್‌ನ ಗ್ಯಾಲರಿ ತಾನಾಗಿಯೇ ಕ್ಲೌಡ್‌ಗೆ ಬ್ಯಾಕಪ್ ಆಗುತ್ತಿದ್ದರೆ? ಮಕ್ಕಳ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲೇ ದಮ್ಮಾಮ್‌ನಲ್ಲಿರುವ ಯಾರದೋ ಪಾಸ್‌ಪೋರ್ಟ್ ಪ್ರತಿಯೂ ಕೂತಿರುತ್ತದೆ. ಫೋನ್ ಮಾರಿದರೆ, ಕಳೆದುಹೋದರೆ, ಅಧಿಕಾರಿಗೆ ವರ್ಗವಾದರೆ ಅದೂ ಜೊತೆಗೇ ಹೋಯಿತು.

ಇನ್ನೊಂದು ತೊಡಕು ದಾಖಲೆಯದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇಮೇಲ್ ಕೂಡ ಮಾಹಿತಿಯೇ. ಆದರೆ ಅದು ಸಾರ್ವಜನಿಕ ಪ್ರಾಧಿಕಾರದ ಬಳಿ ಅಥವಾ ನಿಯಂತ್ರಣದಲ್ಲಿ ಇರಬೇಕು. "ಆಯ್ತು, ಮಾಡ್ತೇವೆ" ಎಂದು ಸ್ವಂತ ವಾಟ್ಸಾಪ್‌ನಲ್ಲಿ ಬಂದ ಉತ್ತರ ಕಚೇರಿ ಕಡತದಲ್ಲಿ ಇರುವುದಿಲ್ಲ. ಅರ್ಜಿ ಬಂದೇ ಇಲ್ಲ ಎಂದು ನಾಳೆ ಹೊಸ ಅಧಿಕಾರಿ ಹೇಳಿದರೆ ಕುವೈತ್‌ನಲ್ಲಿ ಕೂತವರ ಕೈಲಿ ಉಳಿಯುವುದು ಒಂದು ಸ್ಕ್ರೀನ್‌ಶಾಟ್ ಅಷ್ಟೇ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ನಂತರ. ಅಷ್ಟರೊಳಗೆ ಇಲಾಖೆಗಳು ಫೋನ್ ಕೊಡಬೇಕು, ಇಲ್ಲವೇ ಸ್ವಂತ ಫೋನ್‌ನಲ್ಲಿ ಕಚೇರಿ ಮಾಹಿತಿಯನ್ನು ಬೇರೆಯಾಗಿ ಇಟ್ಟು, ವರ್ಗವಾದಾಗ ಅಳಿಸುವ ಏರ್ಪಾಡು ಮಾಡಬೇಕು. ಎರಡಕ್ಕೂ ಬಜೆಟ್‌ನಲ್ಲಿ ದುಡ್ಡು ಇಡಬೇಕಾಗುತ್ತದೆ.

ಅಲ್ಲಿವರೆಗೆ ಗಲ್ಫ್‌ನವರು ಆಧಾರ್ ಕಳಿಸಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕಾಗುತ್ತದೆಯೇ ಎಂದು ಮೊದಲು ಕೇಳಬಹುದು. ಅರ್ಜಿಯನ್ನಂತೂ ಊರಲ್ಲಿರುವ ಅಣ್ಣನೋ ಅಕ್ಕನೋ ನಾಡಕಚೇರಿಗೇ ಕೊಟ್ಟು, ಸ್ವೀಕೃತಿ ನಂಬರ್ ಪಡೆದುಕೊಳ್ಳಲಿ.