ಲೋಹಗಾಂವ್‌ನಿಂದ ಬಜ್ಪೆಗೆ ಎಷ್ಟು ದೂರ?

ಪುಣೆಯ ಲೋಹಗಾಂವ್ ವಿಮಾನನಿಲ್ದಾಣಕ್ಕೂ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ಆಕಾಶಮಾರ್ಗದಲ್ಲಿರುವ ಅಂತರವು ಸುಮಾರು 630 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರು ವೇಗದ ಜೆಟ್ ವಿಮಾನಕ್ಕೆ ಇದು ಮುಕ್ಕಾಲು ಗಂಟೆಗಿಂತ ತುಸುವೇ ಹೆಚ್ಚಿನ ಹಾದಿ. ನೆಲದ ಮೇಲಣ ಓಟ, ಏರುವುದು, ಇಳಿಯುವುದು ಎಲ್ಲವೂ ಕೂಡಿ ಒಂದೂಕಾಲು ಗಂಟೆಯೆಂದು ಹಿಡಿಯಬಹುದು. ಘಟ್ಟ ಹತ್ತಿ ಇಳಿದು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು, ಮರುದಿನ ಹಗಲಿನಲ್ಲಿ ಊರು ಕಾಣುವ ನಮ್ಮ ಹೋಟೆಲು ಕಾರ್ಮಿಕರಿಗೆ ಈ ಲೆಕ್ಕವು ಆಸೆ ಹುಟ್ಟಿಸುವಂತಹುದೇ ಸರಿ.

ಆದರೆ ಈ ಲೆಕ್ಕವು ನೇರ ವಿಮಾನವಿದ್ದ ದಿನಕ್ಕೆ ಮಾತ್ರ ಸಲ್ಲುವುದು. ಅದಿಲ್ಲದ ದಿನ ಬೆಂಗಳೂರಿನ ಮೇಲೆ ಹೋಗಬೇಕಾದರೆ, ಮೊದಲು 720 ಕಿಲೋಮೀಟರು, ಅನಂತರ ಮತ್ತೆ 300. ಒಟ್ಟು ಸಾವಿರ ಕಿಲೋಮೀಟರು ದಾಟಿತು. ನಡುವೆ ಕಾಯುವ ಗಂಟೆಗಳು ಬೇರೆ. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ರಾತ್ರಿ ಬಂದು, ಮರುದಿನ ಮಧ್ಯಾಹ್ನದೊಳಗೆ ಅಂತ್ಯಕ್ರಿಯೆಗೆ ಮುಟ್ಟಬೇಕಾದ ಮಗನಿಗೆ ಬೇಕಾದುದು ವಿಮಾನದ ವೇಗಕ್ಕಿಂತ ಮಿಗಿಲಾಗಿ ಬೆಳಗಿನ ಒಂದು ನೇರ ವಿಮಾನ, ಅದರಲ್ಲೊಂದು ಕೈಗೆಟಕುವ ಟಿಕೇಟು. ಕಡೆಯ ಗಳಿಗೆಯ ಟಿಕೇಟು ಎಷ್ಟು ದುಬಾರಿ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಬೆಳಗಾವಿಯ ಸಾಂಬ್ರಾ ಇಲ್ಲಿಂದ ಸುಮಾರು 310 ಕಿಲೋಮೀಟರು, ಹುಬ್ಬಳ್ಳಿ 375. ಇಷ್ಟು ಸಮೀಪದ ಊರುಗಳಿಗೆ ವಿಮಾನದಿಂದ ಆಗುವ ಉಳಿತಾಯ ಅಲ್ಪ. ಲೋಹಗಾಂವ್‌ಗೆ ಹೋಗುವ, ತಪಾಸಣೆಗೆ ನಿಲ್ಲುವ ಹೊತ್ತನ್ನು ಕಳೆದರೆ ಇನ್ನೂ ಅಲ್ಪ. ಅಲ್ಲಿಗೆ ರೈಲಿದೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಗಾಡಿಯು ಈ ಹಾದಿಯನ್ನು ಎಂಟೂವರೆ ಗಂಟೆಗಳಲ್ಲಿ ಕ್ರಮಿಸುವಂತೆ ಗೊತ್ತುಮಾಡಲಾಗಿತ್ತು. ವಾರಕ್ಕೆ ಮೂರೇ ದಿನವೆಂಬುದೊಂದು ಕೊರತೆ. ವಿಮಾನದಿಂದ ನಿಜವಾದ ಪ್ರಯೋಜನ ಕಾಣುವುದು ಕರಾವಳಿಯವನಿಗೆ.

ವಿಚಿತ್ರವೆಂದರೆ ಸರಕಾರದ ಸಹಾಯವು ಅವನನ್ನೇ ತಪ್ಪಿಸಿ ಹೋಗಿದೆ. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆಯು, ಸುಮಾರು 500 ಕಿಲೋಮೀಟರಿನ ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿಗಳ ಮಿತಿಯನ್ನು ಅರ್ಧದಷ್ಟು ಆಸನಗಳಿಗೆ ವಿಧಿಸಿತು. ಆದರೆ ಅದು ವಿಮಾನಸೌಕರ್ಯವಿಲ್ಲದ ಅಥವಾ ವಿರಳವಾಗಿರುವ ನಿಲ್ದಾಣಗಳ ಸಲುವಾಗಿ ಹುಟ್ಟಿದುದು. ಪುಣೆಯೂ ಮಂಗಳೂರೂ ದೊಡ್ಡ ನಿಲ್ದಾಣಗಳಾದುದರಿಂದ ಅವುಗಳ ನಡುವಣ ದರಕ್ಕೆ ಅಂತಹ ಕಡಿವಾಣವಿಲ್ಲ.

ಯೋಜನೆಯೊಳಗೆ ಸೇರಿದ ಮಾತ್ರಕ್ಕೆ ಸೇವೆ ಸ್ಥಿರವಾಗುವುದೆಂದು ತಿಳಿಯಲಾಗದು. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಂತೆ, ಉಡಾನ್‌ನ ಮೂರನೆಯ ಹಂತದವರೆಗೆ ಹಂಚಲಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಸಹಾಯಧನದ ಮೂರು ವರ್ಷಗಳನ್ನು ಪೂರೈಸಿದವು 112. ಆಮೇಲೂ ಉಳಿದುಕೊಂಡವು ಕೇವಲ 54. ವಿಮಾನ ಹಾರಿಸುವವರು ಆಸನ ತುಂಬಿದರೆ ಇರುತ್ತಾರೆ, ತುಂಬದಿದ್ದರೆ ಹೋಗುತ್ತಾರೆ. ಇದರಲ್ಲಿ ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಇನ್ನು ನಿಲ್ದಾಣಗಳ ವಿಷಯ. ಲೋಹಗಾಂವ್‌ನಲ್ಲಿ 2024ರಲ್ಲಿ ಹೊಸ ಟರ್ಮಿನಲ್ ತೆರೆಯಿತು, ಸಂತೋಷ. ಆದರೆ ಓಡುಹಾದಿ ವಾಯುಸೇನೆಯದು. ಅದರ ದುರಸ್ತಿಗೆಂದು 2021ರ ಅಕ್ಟೋಬರ್ 16ರಿಂದ 29ರವರೆಗೆ, ದಸರೆ ಮುಗಿದೊಡನೆ, ನಾಗರಿಕ ವಿಮಾನಗಳೆಲ್ಲ ನಿಂತುಹೋಗಿದ್ದುವು. ಬಜ್ಪೆಯದು ಗುಡ್ಡದ ನೆತ್ತಿಯ ನಿಲ್ದಾಣ. 2010ರ ಮೇ 22ರಂದು 158 ಜನರನ್ನು ಬಲಿತೆಗೆದುಕೊಂಡ ದುರಂತದ ತರುವಾಯ ಅಲ್ಲಿ ಎಚ್ಚರಿಕೆ ಹೆಚ್ಚಿರುವುದು ಸಹಜ. ಆಷಾಢದ ಮಳೆಯಲ್ಲಿ ಇಳಿಯಲಾಗದೆ ವಿಮಾನವು ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು. ಆ ತಿಂಗಳುಗಳಲ್ಲಿ ಮದುವೆ, ಉತ್ತರಕ್ರಿಯೆಗಳಿಗೆ ಹೊರಟವರು ಒಂದು ದಿನ ಮುಂಚಿತವಾಗಿಯೇ ಹೊರಡುವುದು ಲೇಸು.