ಕತ್ತರಿ ಒಂದೇ, ಗಾಯ ಬೇರೆ



ಸರ್ಕಾರ ‘ಮಿತವ್ಯಯ’ ಅಂದ ಕೂಡಲೇ ತಲೆಯಾಡಿಸಬೇಡಿ. ಯಾರ ಪಾಲಿಗೆ ಕತ್ತರಿ ಅಂತ ಕೇಳಿ. ಇಂಗ್ಲೆಂಡಿನ ಪೊಲೀಸ್ ಖರ್ಚಿನ ಕಥೆ ಇದಕ್ಕೆ ಸಾಕ್ಷಿ.

2008ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕುಗಳು ಮುಳುಗುವಾಗ ಸರ್ಕಾರ ಖಜಾನೆ ತೆರೆದು ಮೇಲೆತ್ತಿತು. 2010ರ ಅಕ್ಟೋಬರಿನಲ್ಲಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಕತ್ತರಿ ಹಿಡಿದರು. ಇಂಗ್ಲೆಂಡ್ ಮತ್ತು ವೇಲ್ಸಿನ ಪೊಲೀಸರಿಗೆ ಕೇಂದ್ರ ಕೊಡುವ ಅನುದಾನದಲ್ಲಿ, ಬೆಲೆಯೇರಿಕೆ ಲೆಕ್ಕ ಹಿಡಿದರೆ, ನಾಲ್ಕು ವರ್ಷಕ್ಕೆ ಶೇ. 20 ಖೋತಾ!

ಎಲ್ಲರಿಗೂ ಒಂದೇ ಕತ್ತರಿ, ನ್ಯಾಯ ತಾನೇ ಅಂತೀರಾ? ಅಲ್ಲ. ಅಲ್ಲಿನ 43 ಪ್ರಾದೇಶಿಕ ಪೊಲೀಸ್ ಪಡೆಗಳಿಗೆ ಮುಖ್ಯವಾಗಿ ಎರಡು ಕಡೆಯಿಂದ ಹಣ: ಕೇಂದ್ರದ ಅನುದಾನ, ಸ್ಥಳೀಯರ ಮನೆ ಕಂದಾಯ. ಸಿರಿವಂತರ ಸರ್ರೇ ಸೀಮೆಯಲ್ಲಿ ಕಂದಾಯದ್ದೇ ದೊಡ್ಡ ಪಾಲು. ಕಲ್ಲಿದ್ದಲು ಗಣಿ ಮುಚ್ಚಿದ ನಾರ್ಥಂಬ್ರಿಯಾ ಅನುದಾನವನ್ನೇ ನಂಬಿತ್ತು. ಐದು ವರ್ಷದಲ್ಲಿ ಸರ್ರೇಗೆ ತಪ್ಪಿದ್ದು ಒಟ್ಟು ಹಣದ ಶೇ. 12, ನಾರ್ಥಂಬ್ರಿಯಾಕ್ಕೆ ಶೇ. 23. ಬಡವನ ಮನೆಗೇ ಎರಡು ಪಟ್ಟು ಏಟು.

2017ರ ಹೊತ್ತಿಗೆ 20,000ಕ್ಕೂ ಹೆಚ್ಚು ಪೊಲೀಸರು ಕಮ್ಮಿಯಾದರು. ಅನುದಾನ ಇಳಿದ ಜಾಗ ತುಂಬಲು ಕಂದಾಯ ಏರಿತು. ಕಡೆಗೆ 2019ರಲ್ಲಿ ಅದೇ ಪಕ್ಷದ ಸರ್ಕಾರ 20,000 ಜನರನ್ನು ಹೊಸದಾಗಿ ಸೇರಿಸ್ತೀವಿ ಅಂತ ಹೊರಟಿತು. ತಲೆ ಲೆಕ್ಕ ತುಂಬಬಹುದು, ಮನೆಗೆ ಹೋದ ಅನುಭವಸ್ಥರು ವಾಪಸ್ ಬರ್ತಾರಾ? ಬಿತ್ತನೆ ಬೀಜ ಮಾರಿ ಬಡ್ಡಿ ಕಟ್ಟಿದ ಹಾಗಾಯ್ತು.

ನಮ್ಮಲ್ಲೂ ಸ್ವಂತ ವರಮಾನ ಇಲ್ಲದ ಪಂಚಾಯ್ತಿ ಅನುದಾನವನ್ನೇ ನಂಬಿದೆ. ನಾಳೆ ‘ಎಲ್ಲರಿಗೂ ಸಮಾನ ಕಡಿತ’ ಅಂತ ಯಾರಾದರೂ ಬಂದರೆ, ಶೇಕಡಾವಾರು ನೋಡಿ ಸುಮ್ಮನಾಗಬೇಡಿ. ಯಾರ ಕೈಯಲ್ಲಿ ಎಷ್ಟು ಉಳಿಯಿತು, ಆ ಲೆಕ್ಕ ಕೇಳಿ.