ಗಿಟಾರಿನ ಗದ್ದಲವೂ ವಠಾರದ ಗೋಡೆಯೂ

ನಡುಮನೆಯಲ್ಲಿ ನುಡಿಸಿದ ವೀಣೆ ಪಕ್ಕದ ಮನೆಯವರಿಗೆ ಕಿವಿಗೊಟ್ಟರೆ ಮಾತ್ರ ಕೇಳುತ್ತದೆ; ವಿದ್ಯುತ್ ಗಿಟಾರು ಕಿವಿ ಮುಚ್ಚಿಕೊಂಡರೂ ಕೇಳುತ್ತದೆ. ತ್ಯಾಗರಾಜರ ಹೆಸರು ಹೊತ್ತ ನಮ್ಮ ತ್ಯಾಗರಾಜನಗರದಲ್ಲಿ ಎರಡು ವಾದ್ಯಗಳೂ ಉಂಟು. ಮನೆಗೂ ಮನೆಗೂ ಒಂದೇ ಗೋಡೆಯಿರುವ ವಠಾರಗಳಲ್ಲಿ ಎರಡನೆಯದನ್ನು ಹಿಡಿದ ಹುಡುಗರು ಪುಂಡರೆಂಬ ಬಿರುದನ್ನು ಬಹುಬೇಗ ಸಂಪಾದಿಸುತ್ತಾರೆ. ಬಿರುದು ಅನ್ಯಾಯದ್ದು, ಆದರೆ ಅದನ್ನು ಕೊಡುವವರ ನಿದ್ರೆ ಕೆಡುವುದೂ ಅಷ್ಟೇ ನಿಜ. ಈ ಜಗಳವನ್ನು ಬಹುಮಟ್ಟಿಗೆ ಒಂದು ಸಣ್ಣ ತಿರುಗುಗುಂಡಿ ತೀರಿಸಬಲ್ಲದೆಂಬುದು ನನ್ನ ವಾದ.

“ವಾಲ್ಯೂಮು ತಗ್ಗಿಸಿದರಾಯಿತಲ್ಲಪ್ಪ!” ಎಂದು ಹಿರಿಯರು ಹೇಳುತ್ತಾರೆ. ಅಷ್ಟು ಸುಲಭವಲ್ಲ. ವಾಲ್ವಿನ ಆಂಪ್ಲಿಫೈಯರನ್ನು ಅದರ ಶಕ್ತಿಯ ಮಿತಿಯವರೆಗೆ ದುಡಿಸಿದಾಗ ಅಲೆಯ ನೆತ್ತಿ ಮೆಲ್ಲಗೆ ಚಪ್ಪಟೆಯಾಗಿ, ಮೂಲಸ್ವರದೊಡನೆ ಹೊಸ ಮೇಲ್ಸ್ವರಗಳು ಹುಟ್ಟಿ, ಗಿಟಾರಿಗರು ಹಂಬಲಿಸುವ ಆ ತುಂಬುದನಿ ಬರುತ್ತದೆ. ವಾಲ್ಯೂಮು ಇಳಿಸಿದೊಡನೆ ಅದು ಸತ್ತುಹೋಗುತ್ತದೆ. ಚಿಕ್ಕ ಆಂಪ್ಲಿಫೈಯರನ್ನು ಕೊಂಡರೂ ಗೋಡೆಗೆ ಹೆಚ್ಚು ಲಾಭವಿಲ್ಲ. ಶಕ್ತಿ ಅರ್ಧವಾದರೆ ಕಡಮೆಯಾಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಅರ್ಧವಾದಂತೆ ತೋರಬೇಕಾದರೆ 15 ವ್ಯಾಟು ಸುಮಾರು ಒಂದೂವರೆ ವ್ಯಾಟಿಗೆ ಇಳಿಯಬೇಕು.

ಇದಕ್ಕೆ ಉಪಾಯ, ವಾಲ್ವಿನ ಆಹಾರವನ್ನೇ ತಗ್ಗಿಸುವುದು. ಪ್ಲೇಟಿಗೂ ಸ್ಕ್ರೀನಿಗೂ ಹೋಗುವ ಸುಮಾರು 300 ವೋಲ್ಟಿನ ದಾರಿಯಲ್ಲಿ ಒಂದು ಮಾಸ್‌ಫೆಟ್ಟನ್ನು ಕೂಡಿಸಿ, ಅದನ್ನು ಗುಂಡಿಯೊಂದರಿಂದ ಹತೋಟಿಯಲ್ಲಿಡಬೇಕು. ಗುಂಡಿ ತಿರುಗಿದಂತೆ ವೋಲ್ಟೇಜು ಇಳಿಯುತ್ತದೆ. ವಾಲ್ವು ಮೊದಲಿನಂತೆಯೇ ಮಿತಿ ಮುಟ್ಟಿ ದುಡಿಯುತ್ತದೆ, ಆದರೆ ಆ ಮಿತಿಯೇ ಚಿಕ್ಕದಾಗಿರುತ್ತದೆ. ಫಿಲಮೆಂಟಿನ 6.3 ವೋಲ್ಟನ್ನು ಮಾತ್ರ ಮುಟ್ಟಕೂಡದು. ಕ್ಯಾಥೋಡ್ ಬಯಸ್ಸಿನ ಆಂಪ್ಲಿಫೈಯರಿನಲ್ಲಿ ಕೆಲಸ ಸುಲಭ. ಸ್ಥಿರ ಬಯಸ್ಸಿನದರಲ್ಲಿ ಗ್ರಿಡ್ಡಿನ ಋಣ ವೋಲ್ಟೇಜೂ ಜೊತೆಜೊತೆಗೆ ಇಳಿಯದಿದ್ದರೆ ದನಿ ಒಡೆದು ಕರ್ಕಶವಾಗುತ್ತದೆ. ಮಾಸ್‌ಫೆಟ್ಟು ಬಿಸಿಯೇರುವುದರಿಂದ ನಡುವೆ ಅಭ್ರಕದ ಹಾಳೆಯಿಟ್ಟು ಅದನ್ನು ಲೋಹದ ಚಾಸಿಗೆ ಬಿಗಿಯಬೇಕು.

ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಸಿಗುತ್ತದೆಂದು ಸಹಪಾಠಿಗಳು ತಾವೇ ಮುಚ್ಚಳ ಬಿಚ್ಚದಿರಲಿ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೊಲ್ಲುವಷ್ಟು ವಿದ್ಯುತ್ತು ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಹರಿಯಗೊಟ್ಟು, ಮೀಟರಿನಲ್ಲಿ ಅಳೆದ ಮೇಲೆಯೇ ಕೈಯಿಡಬೇಕು. ಚರಿತ್ರೆ ಓದುವ ನಮ್ಮಂಥವರು ವಾಲ್ವು ಬಲ್ಲ ಹಳೆಯ ರೇಡಿಯೋ ರಿಪೇರಿಯವರನ್ನು ಆಶ್ರಯಿಸುವುದು ಲೇಸು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲೇ ವಾಲ್ವಿನ ತಯಾರಿಕೆ ತೊಡಗಿದ ಊರಿದು.

ಅಬ್ಬರವಿಲ್ಲದೆ ಗಿಟಾರೇ ಇಲ್ಲವೆನ್ನುವವರ ಮಾತು ಅರ್ಧ ನಿಜ. ಜೋರಾಗಿ ಅದುರುವ ಸ್ಪೀಕರಿನ ಪಾಲೂ ದನಿಯಲ್ಲುಂಟು. ಸದ್ದು ತಗ್ಗಿದಾಗ ಮಂದ್ರಸ್ವರ ಕಿವಿಗೆ ಇನ್ನೂ ಕಡಮೆ ಕೇಳುವುದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದ್ದರು. ಆದರೂ ದಿನವೂ ಸಿಕ್ಕುವ ಮುಕ್ಕಾಲು ದನಿ, ವಾರ್ಷಿಕೋತ್ಸವದಂದು ಮಾತ್ರ ಸಿಕ್ಕುವ ಪೂರ್ಣ ದನಿಗಿಂತ ಅಭ್ಯಾಸಕ್ಕೆ ಮೇಲೆಂದು ನಾನು ತಿಳಿಯುತ್ತೇನೆ.

ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್ಲನ್ನೂ, ರಾತ್ರಿ 10ರಿಂದ ಬೆಳಗಿನ 6ರವರೆಗೆ 45ನ್ನೂ ಗೊತ್ತುಮಾಡಿವೆ. ಆದರೆ ಪರೀಕ್ಷೆಗೆ ಓದುವ ಪಕ್ಕದ ಮನೆಯ ಹುಡುಗಿ ಪೊಲೀಸರಿಗೆ ಫೋನು ಮಾಡುವುದಿಲ್ಲ; ಪುಸ್ತಕ ಎತ್ತಿಕೊಂಡು ತಾರಸಿಗೆ ಹೋಗುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಓದಲು ಬೇರೆ ಕೋಣೆಯಿಲ್ಲದವರಿಗೆ ಎರಡು ಗಂಟೆಯ ಮೌನದ ಬೆಲೆ ಎಷ್ಟೆಂದು ಬಲ್ಲೆ. ಗಿಟಾರಿನ ಹುಚ್ಚನ್ನೂ ಬಲ್ಲೆ.

ನಮ್ಮ ಕಾಲೇಜಿನ ಸಂಗೀತ ಸಂಘದ ವಾಲ್ವಿನ ಆಂಪ್ಲಿಫೈಯರಿಗೆ ಬರುವ ವರ್ಷವಾದರೂ ಈ ಗುಂಡಿಯನ್ನು ಹಾಕಿಸಬೇಕೆಂದು ಸಂಘದ ಅಧ್ಯಾಪಕರಲ್ಲಿ ವಿನಂತಿ. ಅಭ್ಯಾಸದ ಕೋಣೆ ಇರುವುದು ವಾಚನಾಲಯದ ಪಕ್ಕದಲ್ಲೇ.